ವಿಂಡೋಸ್ 11ರಲ್ಲಿ ಹಳೇ ಡಾಸ್ ಕಾಫಿ ಬಿಲ್ಲಿಂಗ್: ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಓಡ್ತಿಲ್ಲ

ಕಾಫಿಲೆಕ್ಕ_ಚಿಕ್ಕಮಗಳೂರು

ಚಿಕ್ಕಮಗಳೂರಿನ ಕಾಫಿ ಮಂಡಿಯೊಂದರಲ್ಲಿ ಟರ್ಬೋ ಪ್ಯಾಸ್ಕಲ್ ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಡಾಸ್ (ವಿಂಡೋಸ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಂ) ಪ್ರೋಗ್ರಾಂ ಇದೆ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ), ಚೆರಿ (ಹಣ್ಣಿನೊಂದಿಗೇ ಒಣಗಿಸಿದ್ದು) ತೂಕ, ತೇವಾಂಶ, ಔಟ್‌ಟರ್ನ್ (ಅದರಿಂದ ಸಿಗುವ ಬೀಜದ ಪ್ರಮಾಣ) ಹಾಕಿದರೆ 50 ಕೆಜಿ ಚೀಲದ ಲೆಕ್ಕದಲ್ಲಿ ಬಿಲ್ ಕೊಡುತ್ತದೆ. 32-ಬಿಟ್ ವಿಂಡೋಸ್ 7ರಲ್ಲಿ ಸರಿಯಾಗಿತ್ತು. ಹೊಸ ವಿಂಡೋಸ್ 11ರಲ್ಲಿ ಪ್ರಾಪರ್ಟೀಸ್‌ಗೆ ಹೋಗಿ ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ, 95 ಎಲ್ಲ ಆರಿಸಿದರೂ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಅಂತಲೇ ಬರುತ್ತದೆ. ಮೂರು ಪ್ರತಿಯ ಕಾರ್ಬನ್ ಕಾಗದ, 80 ಕಾಲಂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಸರಿ ಮಾಡಬೇಕು.

ಬೈಟ್‌ಗೌಡ

ಆ ಟ್ಯಾಬ್ ಬಿಟ್ಟುಬಿಡಿ. ಅದು ಪ್ರೋಗ್ರಾಂಗೆ ‘ನಾನು ಹಳೇ ವಿಂಡೋಸ್’ ಅಂತ ಸುಳ್ಳು ಹೇಳುತ್ತದೆ ಅಷ್ಟೇ, ಹಳೇ ಪ್ರೊಸೆಸರನ್ನು ತಂದುಕೊಡುವುದಿಲ್ಲ. ನಿಮ್ಮದು 16-ಬಿಟ್ ಕೋಡ್. 32-ಬಿಟ್ ವಿಂಡೋಸ್ ಅದನ್ನು ಎನ್‌ಟಿವಿಡಿಎಂ (ಡಾಸ್ ಪ್ರೋಗ್ರಾಂ ಓಡಿಸುವ ವಿಂಡೋಸ್ ಭಾಗ) ಮೂಲಕ ಪ್ರೊಸೆಸರಿನ ವರ್ಚುವಲ್ 8086 ಮೋಡ್‌ನಲ್ಲಿ, ಅಂದರೆ ಹಳೇ 16-ಬಿಟ್ ಪ್ರೊಸೆಸರಿನಂತೆ ನಡೆಯುವ ಸ್ಥಿತಿಯಲ್ಲಿ, ಓಡಿಸುತ್ತಿತ್ತು. ಪ್ರೊಸೆಸರ್ 64-ಬಿಟ್ ಮೋಡ್‌ಗೆ ಹೋದ ಮೇಲೆ ಆ ಸೌಲಭ್ಯವೇ ಇರುವುದಿಲ್ಲ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೂ ಇಲ್ಲ.

ಡಾಸ್‌ಬಾಕ್ಸ್-ಎಕ್ಸ್ ಹಾಕಿ. ಇದು ಹಳೇ ಪ್ರೊಸೆಸರನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸುತ್ತದೆ. ಪ್ರೋಗ್ರಾಂ, ಡೇಟಾ ಎರಡನ್ನೂ ಒಂದು ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರನ್ನು ಮಾತ್ರ ಸಿ ಡ್ರೈವ್ ಆಗಿ ಮೌಂಟ್ ಮಾಡಿ, ಅಂದರೆ ಡಾಸ್‌ಬಾಕ್ಸ್‌ಗೆ ಜೋಡಿಸಿ. ಇಡೀ ಹಾರ್ಡ್‌ಡಿಸ್ಕ್ ಮೌಂಟ್ ಮಾಡಬೇಡಿ, ತಪ್ಪು ಡಿಲೀಟ್ ಕಮಾಂಡ್ ಒಂದು ಸಾಕು. ಫೋಲ್ಡರ್ ಹೆಸರು ಎಂಟು ಅಕ್ಷರದೊಳಗೆ, ಖಾಲಿ ಜಾಗ ಇಲ್ಲದೆ ಇರಲಿ.

ಹೇಮಾವತಿ_ಟೆಕ್

ನಿಧಾನ ಅನಿಸಿದರೆ ಡಾಸ್‌ಬಾಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಸೈಕಲ್ಸ್ (ಅನುಕರಿಸುವ ಪ್ರೊಸೆಸರಿನ ವೇಗ) ಎದುರು ಮ್ಯಾಕ್ಸ್ ಅಂತ ಹಾಕಿ, ಹಾರುತ್ತದೆ.

ಬೈಟ್‌ಗೌಡ

ಟರ್ಬೋ ಪ್ಯಾಸ್ಕಲ್ ಪ್ರೋಗ್ರಾಂಗೆ ಅದೇ ಕುತ್ತು. ಶುರುವಾಗುತ್ತಲೇ ‘ರನ್‌ಟೈಮ್ ಎರರ್ 200’ ಬಂದು ನಿಲ್ಲುತ್ತದೆ. ಸಿಆರ್‌ಟಿ ಯೂನಿಟ್ (ಪರದೆ, ಕೀಬೋರ್ಡ್ ನೋಡಿಕೊಳ್ಳುವ ಟರ್ಬೋ ಪ್ಯಾಸ್ಕಲ್ ಭಾಗ) ಇರುವ ಪ್ರೋಗ್ರಾಂ ತೆರೆದಾಗ, ಗಡಿಯಾರದ ಒಂದು ಟಿಕ್‌ನಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಎಷ್ಟು ಲೂಪ್ ಆಗುತ್ತವೆ ಅಂತ ಎಣಿಸಿ 55ರಿಂದ ಭಾಗಿಸುತ್ತದೆ. ಉತ್ತರ 16 ಬಿಟ್‌ನಲ್ಲಿ, ಅಂದರೆ 65,535ರೊಳಗೆ ಹಿಡಿಸಬೇಕು. ಲೂಪ್ ಸುಮಾರು 36 ಲಕ್ಷ ದಾಟಿದರೆ ಹಿಡಿಸುವುದಿಲ್ಲ, ಪ್ರೊಸೆಸರ್ ಭಾಗಾಕಾರದ ದೋಷ ಎತ್ತುತ್ತದೆ. ಯಂತ್ರದ ವೇಗವೇ ಇಲ್ಲಿ ರೋಗ.

ಕಾನ್ಫಿಗ್ ಫೈಲಿನ ಸಿಪಿಯು ವಿಭಾಗದಲ್ಲಿ ಸಿಪಿಯು ಟೈಪ್ 386, ಸೈಕಲ್ಸ್ ಫಿಕ್ಸೆಡ್ 8000 ಇಡಿ. ಒಂದು ಮಿಲಿಸೆಕೆಂಡಿಗೆ ಸುಮಾರು 8000 ಇನ್‌ಸ್ಟ್ರಕ್ಷನ್ ಅಂತ ಅರ್ಥ. 55 ಮಿಲಿಸೆಕೆಂಡಿಗೆ 4.4 ಲಕ್ಷ. 36 ಲಕ್ಷದ ಹತ್ತಿರವೂ ಸುಳಿಯುವುದಿಲ್ಲ. ಬಿಲ್ಲಿಂಗ್‌ಗೆ ಈ ವೇಗ ಧಾರಾಳ. ವರ್ಷದ ವರದಿ ತೆಗೆಯುವಾಗ ತೀರಾ ಎಳೆದಾಡಿದರೆ 20000ಕ್ಕೆ ಏರಿಸಬಹುದು.

ಮಲ್ನಾಡ್_ಪ್ರಿಂಟ್

ಪ್ರಿಂಟರ್ ವಿಷಯ ಯಾರೂ ಮುಟ್ಟಿಲ್ಲ, ನಿಜವಾದ ಪರದಾಟ ಅಲ್ಲೇ. ಕಾನ್ಫಿಗ್ ಫೈಲಿನಲ್ಲಿ ಪ್ಯಾರಲೆಲ್ 1ಕ್ಕೆ (ಡಾಸ್‌ನ ಪ್ರಿಂಟರ್ ಪೋರ್ಟ್) ‘ಪ್ರಿಂಟರ್’ ಅಂತ ಕೊಟ್ಟರೆ ಡಾಸ್‌ಬಾಕ್ಸ್-ಎಕ್ಸ್ ಒಂದು ಎಪ್ಸನ್ ಪ್ರಿಂಟರನ್ನು ಅನುಕರಿಸಿ ಪುಟವನ್ನು ಚಿತ್ರವಾಗಿ ಕಳಿಸುತ್ತದೆ. ಲೇಸರ್‌ಗೆ ಚೆನ್ನ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಚಿತ್ರ ಕುಟ್ಟಲು ಹೊತ್ತು ಹಿಡಿಯುತ್ತದೆ, ಕಾರ್ಬನ್ ಪ್ರತಿಯ ಸಾಲುಗಳೂ ಅಚ್ಚಾದ ಚೌಕಕ್ಕೆ ಕೂರದೆ ಹೋಗಬಹುದು.

ನಿಮಗೆ ಬೇಕಾದ್ದು ಅಕ್ಷರಗಳು ಹಾಗೇ ಹೋಗುವುದು. ವಿಂಡೋಸ್‌ನಲ್ಲಿ ಪ್ರಿಂಟರಿಗೆ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಹಾಕಿ, ಶೇರ್ ಮಾಡಿ, ನೆಟ್ ಯೂಸ್ ಕಮಾಂಡಿನಿಂದ ಆ ಶೇರನ್ನು ಎಲ್‌ಪಿಟಿ 1ಕ್ಕೆ (ವಿಂಡೋಸ್‌ನಲ್ಲಿ ಪ್ರಿಂಟರ್ ಪೋರ್ಟಿನ ಹೆಸರು) ಜೋಡಿಸಿ. ನಂತರ ಪ್ಯಾರಲೆಲ್ 1ಕ್ಕೆ ‘ಫೈಲ್’ ಆಯ್ಕೆ, ಡಿವೈಸ್ ಎಲ್‌ಪಿಟಿ 1, ಟೈಮ್‌ಔಟ್ 2000 ಕೊಡಿ. ಟೈಮ್‌ಔಟ್ ಬಿಟ್ಟರೆ ಬಿಲ್ ಮುಗಿದಿದೆ ಅಂತ ಅದಕ್ಕೆ ಗೊತ್ತಾಗದೆ ಕೊನೆಯ ಸಾಲುಗಳು ಒಳಗೇ ಉಳಿಯಬಹುದು.

ಕಾಫಿಲೆಕ್ಕ_ಚಿಕ್ಕಮಗಳೂರು

8000ಕ್ಕೆ ತೆರೆಯಿತು, ಪ್ರಿಂಟೂ ಬಂತು. ಬ್ಯಾಕಪ್ ಪೆನ್‌ಡ್ರೈವ್‌ಗೆ ಹೇಗೆ?

ಬೈಟ್‌ಗೌಡ

ಡಾಸ್‌ಬಾಕ್ಸ್ ಪೂರ್ತಿ ಮುಚ್ಚಿ, ವಿಂಡೋಸ್‌ನಿಂದಲೇ ಆ ಫೋಲ್ಡರ್ ನಕಲು ಮಾಡಿ. ಪ್ರೋಗ್ರಾಂ ತೆರೆದಿರುವಾಗ ತೆಗೆದ ನಕಲಿನಲ್ಲಿ ಕೊನೆಯ ಎಂಟ್ರಿಗಳು ಇರುತ್ತವೆ ಅಂತ ನಂಬಬೇಡಿ.