ಗೊತ್ತಿರುವ ಇಂಗ್ಲಿಷ್ ಪದವೇ ಕೈಕೊಟ್ಟರೆ ಏನು ಮಾಡುತ್ತೀರಿ?

ಪ್ರಶ್ನೆ, ಉಡುಪಿಯಿಂದ

ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಕಚೇರಿಗೆ ಸೇರಿ ಮೂರು ತಿಂಗಳಾಯಿತು. ಅಮೆರಿಕದವರ ಲೆಕ್ಕಪತ್ರದ ಕೆಲಸ. ಹೋದ ವಾರ ಒಂದು ಮೇಲ್ ಬಂತು: ಬುಧವಾರದ ಮೀಟಿಂಗ್ ‘ಮೂವ್ಡ್ ಫಾರ್ವರ್ಡ್ ಬೈ ಟೂ ಡೇಸ್’. ನಾನು ಶುಕ್ರವಾರ ಅಂದುಕೊಂಡೆ. ಅವರು ಸೋಮವಾರವೇ ಸೇರಿ ಮುಗಿಸಿಬಿಟ್ಟಿದ್ದರು. ಮನೆಗೆ ಬರುವಾಗ ಬಸ್ಸಿನಲ್ಲೇ ಅಳು ಬಂತು. ಕಷ್ಟದ ಪದವಾದರೆ ಡಿಕ್ಷನರಿ ನೋಡುತ್ತೇನೆ. ಇದು ಗೊತ್ತಿರುವ ಪದ, ನೋಡಬೇಕು ಅಂತ ಹೊಳೆಯುವುದೇ ಇಲ್ಲ. ನಿಮಗೂ ಹೀಗೆ ಆಗಿದೆಯಾ? ಹೇಗೆ ಸರಿಮಾಡಿಕೊಂಡಿರಿ?

ಮಂಗಳೂರು, ಗೇರುಬೀಜ ರಫ್ತು ಕಚೇರಿಯಿಂದ

ಬೇಜಾರು ಮಾಡಬೇಡಿ ತಂಗಿ. ನೀವು ಎಡವಿದ ಆ ಮಾತಿನ ಮೇಲೆ ಸಂಶೋಧನೆಯೇ ನಡೆದಿದೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಬುಧವಾರದ ಮೀಟಿಂಗ್ ಎರಡು ದಿನ ಫಾರ್ವರ್ಡ್ ಆದರೆ ಯಾವ ದಿನ? ಇಂಗ್ಲಿಷ್ ಆಡುವವರಲ್ಲೇ ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ. ವಿಮಾನ ನಿಲ್ದಾಣದಲ್ಲೂ ಕೇಳಿ ನೋಡಿದರು. ಆಗಷ್ಟೇ ಪ್ರಯಾಣ ಮಾಡಿ ಇಳಿದವರಲ್ಲಿ ಶುಕ್ರವಾರ ಅಂದವರು ಜಾಸ್ತಿ. ಅವರನ್ನು ಕರೆದುಕೊಂಡು ಹೋಗಲು ಬಂದು ಕಾಯುತ್ತಿದ್ದವರಲ್ಲಿ ಅಷ್ಟಿರಲಿಲ್ಲ.

ನಮಗೆ ಇನ್ನೊಂದು ತೊಡಕು ಉಂಟು. ಫಾರ್ವರ್ಡ್ ಅಂದ ಕೂಡಲೇ ತಲೆಗೆ ‘ಮುಂದಕ್ಕೆ’ ಬರುತ್ತದೆ. ಮದುವೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಅಂತಲೇ ಅಲ್ವಾ? ಹಾಗಾಗಿ ಶುಕ್ರವಾರ. ಆದರೆ ಅದೇ ‘ಮುನ್’ನಿಂದ ಬಂದ ‘ಮುಂಚೆ’ ಅಂದರೆ ಮೊದಲು! ನಮ್ಮ ಭಾಷೆಯೂ ಇಲ್ಲಿ ಎರಡೂ ಕಡೆ ಕೈ ತೋರಿಸುತ್ತದೆ.

ನಾನು ಪೆಟ್ಟು ತಿಂದದ್ದು ‘ರಿವರ್ಟ್’ನಿಂದ. ಇಲ್ಲಿ ‘ಪ್ಲೀಸ್ ರಿವರ್ಟ್’ ಅಂದರೆ ಉತ್ತರ ಬರೆಯಿರಿ ಅಂತ. ಹೊರದೇಶದ ಗ್ರಾಹಕರಿಗೆ ಹೊಸ ದರ ಕಳಿಸಿ ಕೊನೆಗೆ ಹಾಗೆ ಬರೆದೆ. ಅಲ್ಲಿ ಆ ಪದಕ್ಕೆ ಹಿಂದಿನ ಸ್ಥಿತಿಗೆ ಮರಳುವುದು ಅಂತ ಅರ್ಥ. ಹಳೆಯ ದರಕ್ಕೇ ಮರಳಬೇಕಾ ಎಂದು ಅವರು ಕೇಳಿದರು. ಬಿಡಿಸಿ ಹೇಳುವುದರಲ್ಲಿ ಎರಡು ದಿನ ಹೋಯಿತು. ಆಮೇಲಿಂದ ನಾನು ‘ರಿಪ್ಲೈ’ ಅಂತಲೇ ಬರೆಯುವುದು.

ದಿನದ ವಿಷಯ ಬಂದರೆ ವಾರ, ತಾರೀಕು ಎರಡೂ ಹಾಕಿ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. 5/6 ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ‘ಬೈವೀಕ್ಲಿ’ ಕಂಡರೆ ಊಹೆ ಮಾಡಲೇಬೇಡಿ. ವಾರಕ್ಕೆ ಎರಡು ಸಲ, ಎರಡು ವಾರಕ್ಕೊಂದು ಸಲ, ಎರಡೂ ಅರ್ಥ ಡಿಕ್ಷನರಿಯಲ್ಲೇ ಇದೆ. ‘ಪ್ರಿಪೋನ್’, ಅಂದರೆ ಇಟ್ಟ ದಿನಕ್ಕಿಂತ ಮೊದಲೇ ಮಾಡುವುದು, ನಮ್ಮ ದೇಶದಲ್ಲಿ ಬೆಳೆದ ಪದ. ನನಗೆ ಅದು ತುಂಬಾ ಇಷ್ಟ. ಆದರೆ ಹೊರಗಿನ ಎಷ್ಟೋ ಜನರಿಗೆ ಗೊತ್ತಿಲ್ಲ, ಅವರಿಗೆ ಬರೆಯಬೇಡಿ.

ಉಡುಪಿ, ಹೈಸ್ಕೂಲ್ ಟೀಚರ್

ನನ್ನ ಪ್ರಕಾರ ಇವೆಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡುವುದು ‘ಯೆಸ್’ ಮತ್ತು ‘ನೋ’. ‘ಊಟ ಮಾಡಿಲ್ವಾ?’ ಅಂದರೆ ನಾವು ‘ಹೌದು, ಮಾಡಿಲ್ಲ’ ಅನ್ನುತ್ತೇವೆ. ನೀವು ಅಂದುಕೊಂಡದ್ದು ಸರಿ ಅಂತ ಆ ‘ಹೌದು’. ಇಂಗ್ಲಿಷಿನಲ್ಲಿ ಕೇಳಿದವರ ಊಹೆ ಲೆಕ್ಕಕ್ಕಿಲ್ಲ. ಊಟ ಆಗಿದ್ದರೆ ‘ಯೆಸ್’, ಆಗಿಲ್ಲದಿದ್ದರೆ ‘ನೋ’, ಅಷ್ಟೇ.

ನನ್ನ ತಮ್ಮನಿಗೆ ಫೋನಿನಲ್ಲಿ ‘ಫೈಲ್ ಕಳಿಸಿಲ್ಲವಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ‘ಯೆಸ್’ ಅಂದ, ಕಳಿಸಿಲ್ಲ ಅನ್ನುವ ಅರ್ಥದಲ್ಲಿ. ಅವರು ಕಳಿಸಿದ್ದಾನೆ ಅಂದುಕೊಂಡು ರಾತ್ರಿಯಿಡೀ ಕಾದರು. ಅದಕ್ಕೇ ನಾನು ಮಕ್ಕಳಿಗೆ ಬರೀ ‘ಯೆಸ್’, ‘ನೋ’ ಹೇಳಲು ಬಿಡುವುದಿಲ್ಲ. ‘ನೋ, ಐ ಹ್ಯಾವಂಟ್’ ಅಂತ ಪೂರ್ತಿ ಹೇಳಬೇಕು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಹೇಳಿಸುತ್ತೇನೆ. ಒಂದೆರಡು ವಾರದಲ್ಲಿ ನಾಲಿಗೆಗೆ ಹತ್ತುತ್ತದೆ. ಪಕ್ಕದಲ್ಲಿ ಕೂರಲು ಯಾರಾದರೂ ‘ಡು ಯು ಮೈಂಡ್?’, ಅಂದರೆ ನಿಮಗೆ ತೊಂದರೆಯಾ, ಅಂತ ಕೇಳಿದರೂ ಇದೇ ಕಥೆ. ಪ್ರೀತಿಯಿಂದ ‘ಯೆಸ್’ ಅಂದರೆ ಕೂರಬೇಡಿ ಅಂದ ಹಾಗೆ.

ಮತ್ತೆ ‘ಐ ಹ್ಯಾವ್ ಎ ಡೌಟ್’. ನಾವು ಪ್ರಶ್ನೆ ಉಂಟು ಅನ್ನಲು ಹೇಳುತ್ತೇವೆ. ಹೊರಗಿನವರಿಗೆ ನಂಬಿಕೆ ಇಲ್ಲ ಅಂದ ಹಾಗೆ ಕೇಳಿಸಬಹುದು. ‘ಕ್ವೆಶ್ಚನ್’ ಅನ್ನಿ, ಸಾಕು.

ಮಣಿಪಾಲ, ನರ್ಸ್

ನಮ್ಮಲ್ಲಿ ‘ನೆಗೆಟಿವ್’. ಊರಿನ ಮಾತಲ್ಲಿ ನೆಗೆಟಿವ್ ಅಂದರೆ ಕೆಟ್ಟದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಅಜ್ಜಿಗೆ ‘ರಿಪೋರ್ಟ್ ನೆಗೆಟಿವ್ ಬಂದಿದೆ’ ಅಂದೆ. ನಾನು ಸಂತೋಷದಲ್ಲಿ ಹೇಳಿದ್ದು. ಅವರು ಬೆಂಚಿನ ಮೇಲೆ ಕುಸಿದು ಕೂತರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಈಗ ಮೊದಲು ‘ಆ ಕಾಯಿಲೆ ಇಲ್ಲ ಅಮ್ಮ’ ಅನ್ನುತ್ತೇನೆ, ತುಳುವಿನವರಾದರೆ ‘ದಾಲ ಇಜ್ಜಿ’. ಪದ ಆಮೇಲೆ. ರಕ್ತದ ಗುಂಪಿನ ನೆಗೆಟಿವ್ ಮತ್ತೆ ಬೇರೆ. ಅದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಗುಂಪಿನ ಹೆಸರು ಅಷ್ಟೇ.

ಸ್ಕ್ಯಾನ್ ರಿಪೋರ್ಟಿನಲ್ಲಿ ‘ಅನ್‌ರಿಮಾರ್ಕಬಲ್’ ಅಂತ ಇದ್ದರೆ ಹೆದರಬೇಡಿ. ಹೇಳುವಂಥ ತೊಂದರೆ ಏನೂ ಕಂಡಿಲ್ಲ ಅಂತ.

ಸುರತ್ಕಲ್‌ನಿಂದ

ನಮ್ಮ ಹೆದ್ದಾರಿಯಲ್ಲಿ ದಿನಾ ಟ್ಯಾಂಕರ್ ಓಡುತ್ತವೆ. ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ದೊಡ್ಡದಾಗಿ ಬರೆದಿರುತ್ತದೆ. ‘ಇನ್‌’ ಇದ್ದರೆ ‘ಅಲ್ಲ’ ಅಂತ ಶಾಲೆಯಲ್ಲಿ ಕಲಿತ ನನ್ನ ಮಗ, ಇದಕ್ಕೆ ಬೆಂಕಿ ಹಿಡಿಯುವುದಿಲ್ಲವಾ ಅಂತ ಕೇಳಿದ. ಆ ಪದ ಬಂದದ್ದು ಬೆಂಕಿ ಹೊತ್ತಿಸುವುದು ಎನ್ನುವ ‘ಇನ್‌ಫ್ಲೇಮ್‌’ನಿಂದ. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದೇ, ಬೇಗ ಹೊತ್ತಿಕೊಳ್ಳುವಂಥದ್ದು. ಹೊತ್ತಿಕೊಳ್ಳದೆ ಇರುವುದಕ್ಕೆ ‘ನಾನ್‌ಫ್ಲೇಮಬಲ್’. ಮೀಟಿಂಗ್ ತಪ್ಪಿದರೆ ಇನ್ನೊಂದು ಬರುತ್ತದೆ, ಇಲ್ಲಿ ಜೀವದ ಪ್ರಶ್ನೆ. ಮಕ್ಕಳಿಗೆ ದಯವಿಟ್ಟು ಹೇಳಿಕೊಡಿ.

ಮತ್ತೆ ಉಡುಪಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ಗೇರುಬೀಜ ಕಚೇರಿಯ ಅಣ್ಣ ಬರೆದದ್ದು ಓದಿ ನನ್ನ ಕೆಲಸದ ಪಟ್ಟಿ ತೆಗೆದು ನೋಡಿದೆ. ಅದರಲ್ಲೂ ‘ಬೈವೀಕ್ಲಿ ರಿಪೋರ್ಟ್’ ಉಂಟು. ನಾನು ಎರಡು ವಾರಕ್ಕೊಂದು ಕಳಿಸುತ್ತಿದ್ದೆ. ಈಗಷ್ಟೇ ಮೇಲ್ ಹಾಕಿ ಕೇಳಿದ್ದೇನೆ, ತಾರೀಕು ಬರೆದು, ತಿಂಗಳ ಹೆಸರನ್ನು ಅಕ್ಷರದಲ್ಲಿ ಹಾಕಿ.