ಇವಿನಾ, ಪೆಟ್ರೋಲಾ? ಕೊಳ್ಳುವ ಮುಂಚೆ ಒಂದಷ್ಟು ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾರಣ್ಯಪುರ, ಬೆಂಗಳೂರು): ಸರ್, ಹಳೇ ಕಾರು ಕೊಟ್ಟು ಹೊಸದು ತಗೋಬೇಕು. ಬಜೆಟ್ 15 ಲಕ್ಷದ ಆಸುಪಾಸು. ಆಫೀಸಿಗೆ ಹೋಗಿಬರೋದು ದಿನಕ್ಕೆ 50 ಕಿ.ಮೀ., ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋಗ್ತೀವಿ. ಬಾಡಿಗೆ ಮನೆ, ಕೆಳಗೆ ಕಾರು ನಿಲ್ಲಿಸೋಕೆ ಜಾಗ ಇದೆ. ಇವಿ (ಎಲೆಕ್ಟ್ರಿಕ್ ಕಾರು) ಮಾರೋರು ಕಿಲೋಮೀಟರಿಗೆ ಒಂದೇ ರೂಪಾಯಿ ಅಂತಾರೆ, ಪೆಟ್ರೋಲ್ ಕಾರು ಮಾರೋರು ಎಂಟು ವರ್ಷಕ್ಕೆ ಬ್ಯಾಟರಿ ಗುಜರಿ ಅಂತಾರೆ. ಯಾರ ಮಾತು ನಂಬೋದು?

ಉತ್ತರ (ಇವಿ ಸರ್ವಿಸ್ ತಂತ್ರಜ್ಞರು): ಒಂದು ರೂಪಾಯಿ ಲೆಕ್ಕ ಸುಳ್ಳಲ್ಲ, ಆದರೆ ಅದು ಮನೆಯಲ್ಲೇ ಚಾರ್ಜ್ ಮಾಡುವವರ ಲೆಕ್ಕ. ನಿಮ್ಮ ಓಡಾಟಕ್ಕೇ ಹಾಕಿ ನೋಡೋಣ. ತಿಂಗಳಿಗೆ ಊರೊಳಗೆ 1,100 ಕಿ.ಮೀ., ಪುತ್ತೂರಿಗೆ ಹೋಗಿಬರಲು 620, ಒಟ್ಟು 1,700 ಚಿಲ್ಲರೆ.

ಪೆಟ್ರೋಲ್ ಕಾರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 12, ಹೆದ್ದಾರಿಯಲ್ಲಿ 17 ಕೊಟ್ಟಿತು ಅನ್ನಿ. 128 ಲೀಟರ್ ಬೇಕು. ಲೀಟರಿಗೆ 103 ರೂ. ಹಿಡಿದರೆ ತಿಂಗಳಿಗೆ 13,200. ಅದೇ ಗಾತ್ರದ ಇವಿ ಊರೊಳಗೆ ಕಿ.ಮೀ.ಗೆ ಸುಮಾರು 130 ವಾಟ್-ಅವರ್ ತಿನ್ನುತ್ತದೆ (ಸಾವಿರ ವಾಟ್-ಅವರ್ ಅಂದರೆ ಒಂದು ಯೂನಿಟ್). ಚಾರ್ಜ್ ಆಗುವಾಗ ಶೇ. 12ರಷ್ಟು ಶಾಖವಾಗಿ ಸೋರಿಹೋಗುತ್ತದೆ, ಷೋರೂಮಿನವರು ಇದನ್ನು ಹೇಳುವುದಿಲ್ಲ. ಅದನ್ನೂ ಸೇರಿಸಿದರೆ ಮೀಟರಿನಲ್ಲಿ 163 ಯೂನಿಟ್. ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ 6.20 ಅಂದುಕೊಂಡರೆ ಸಾವಿರ ರೂಪಾಯಿ. ಪುತ್ತೂರಿನ ದಾರಿಗೆ ಮನೆಯಲ್ಲಿ ತುಂಬಿಸಿದ್ದೂ ದಾರಿಯ ಫಾಸ್ಟ್ ಚಾರ್ಜರೂ ಸೇರಿ ಇನ್ನೊಂದು 1,600. ಒಟ್ಟು 2,600. ಉಳಿತಾಯ ತಿಂಗಳಿಗೆ ಹತ್ತೂವರೆ ಸಾವಿರ. ಇವಿಗೆ ಆನ್‌ರೋಡ್ 3 ಲಕ್ಷ ಹೆಚ್ಚು ಕೊಟ್ಟಿದ್ದರೆ ಎರಡೂವರೆ ವರ್ಷದೊಳಗೆ ವಾಪಸ್.

ಮನೆಯಲ್ಲಿ ಪ್ಲಗ್ ಇಲ್ಲ, ಎಲ್ಲವನ್ನೂ ಹೊರಗೇ ಹಾಕಿಸಬೇಕು ಅಂದರೆ ಯೂನಿಟ್ಟಿಗೆ 18ರಿಂದ 25 ರೂ. ಆಗ ತಿಂಗಳಿಗೆ 5,300 ಹತ್ತಿರ. ಆಗಲೂ ಪೆಟ್ರೋಲಿಗಿಂತ ಅಗ್ಗವೇ. ಆದರೆ ವಾರಕ್ಕೆರಡು ಸಲ ಮುಕ್ಕಾಲು ಗಂಟೆ ಚಾರ್ಜರ್ ಮುಂದೆ ಕಾಯಬೇಕು. ಮೂರು ತಿಂಗಳಿಗೆ ಬೇಜಾರಾಗುತ್ತದೆ. ಹಾಗಾಗಿ ನನ್ನ ಸಲಹೆ: ಕಾರು ಬುಕ್ ಮಾಡುವ ಮೊದಲು ಮನೆ ಮಾಲೀಕರ ಹತ್ತಿರ ಮಾತಾಡಿ. ನಿಮ್ಮ ಮೀಟರಿನಿಂದ ಪಾರ್ಕಿಂಗಿಗೆ ವೈರ್ ಎಳೆಯಲು ಒಪ್ಪಿದರೆ ಇವಿ, ಒಪ್ಪದಿದ್ದರೆ ಬೇಡ. ಬಣ್ಣ, ಸನ್‌ರೂಫ್ ಎಲ್ಲ ಆಮೇಲಿನ ಮಾತು.

ಬ್ಯಾಟರಿ ಗುಜರಿ ಅನ್ನುವುದು ಹೆದರಿಸುವ ಮಾತು. ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುತ್ತದೆ. ಅದು ಮುಗಿದ ದಿನ ಬ್ಯಾಟರಿ ಸಾಯುವುದಿಲ್ಲ. ಆದರೆ ವಾರಂಟಿ ಪುಸ್ತಕದಲ್ಲಿ ಒಂದು ಸಾಲು ಹುಡುಕಿ ಓದಿ: ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ ಅನ್ನುವುದು. 70 ಅಂತಿದೆಯೋ 80 ಅಂತಿದೆಯೋ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಇದೆ. ವರ್ಕ್‌ಶಾಪಿಗೆ ಬರುವ ದೂರುಗಳಲ್ಲಿ ಇಡೀ ಬ್ಯಾಟರಿ ಪ್ಯಾಕ್ ಹೋದದ್ದು ಅಪರೂಪ. ಒಂದು ಮಾಡ್ಯೂಲಿನ (ಪ್ಯಾಕಿನೊಳಗಿನ ಸೆಲ್ಲುಗಳ ಗುಂಪು) ಸೆಲ್ ವೋಲ್ಟೇಜ್ ಉಳಿದವುಗಳಿಗಿಂತ ಕೆಳಗಿರುವುದು, ಕಾಂಟ್ಯಾಕ್ಟರ್ (ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್) ಕೈಕೊಡುವುದು, ಕೂಲೆಂಟ್ (ಬ್ಯಾಟರಿಯನ್ನು ತಂಪಾಗಿಡುವ ದ್ರವ) ಸೋರುವುದು, ಇಂಥವೇ ಹೆಚ್ಚು.

ಪ್ರತಿಕ್ರಿಯೆ (ಪೆಟ್ರೋಲ್ ಕಾರು ಮೆಕ್ಯಾನಿಕ್): ಲೆಕ್ಕ ಸರಿ ಇದೆ ಅಣ್ಣ, ಆದರೆ 1,700 ಕಿ.ಮೀ. ಓಡಿಸುವವರಿಗೆ. ತಿಂಗಳಿಗೆ 500 ಓಡಿಸುವವರದ್ದೂ ಹೇಳಿ. ಪೆಟ್ರೋಲಿಗೆ 4,300, ಇವಿಗೆ 460. ಉಳಿಯುವುದು 3,800. ಮೂರು ಲಕ್ಷ ವಾಪಸ್ ಬರಲು ಆರೂವರೆ ವರ್ಷ. ಆ 3 ಲಕ್ಷಕ್ಕೆ ಸಾಲದ ಬಡ್ಡಿ ಬೇರೆ. ಸಂತೆಗೆ, ದೇವಸ್ಥಾನಕ್ಕೆ, ಮದುವೆಗೆ ಅಂತ ಕಾರು ತೆಗೆಯುವವರಿಗೆ ಪೆಟ್ರೋಲೇ ಸಾಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಇವಿಗೆ 2019ರಿಂದ ಇರುವ ಶೇ. 5 ಹಾಗೇ ಇದೆ. ಅಂದರೆ ಚಿಕ್ಕ ಕಾರುಗಳಲ್ಲಿ ಇವಿಯ ಬೆಲೆ ಅನುಕೂಲ ಮೊದಲಿಗಿಂತ ಕಮ್ಮಿಯಾಗಿದೆ.

ಬೇರೆ ಎರಡು ಮಾತು. ತಿಂಗಳಿಗೆ 1,500 ಕಿ.ಮೀ. ಓಡಾಟ ಇದೆ, ಪ್ಲಗ್ ಇಲ್ಲ ಅನ್ನುವವರು ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರೂ ಇರುವ ಕಾರು) ನೋಡಿ. ಊರೊಳಗೆ 20ರ ಮೇಲೆ ಕೊಡುತ್ತದೆ, ಯಾಕೆಂದರೆ ಸಿಗ್ನಲ್ಲಿನಲ್ಲಿ ಎಂಜಿನ್ ಆರಿರುತ್ತದೆ. ಎರಡನೆಯದು ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇ. 20 ಬೆರೆಸಿದಾಗ ಲೀಟರಿನಲ್ಲಿರುವ ಶಕ್ತಿಯೇ ಆರೇಳು ಪರ್ಸೆಂಟ್ ಕಡಿಮೆಯಾಗುತ್ತದೆ. ಬ್ರೋಷರ್ ಮೈಲೇಜ್ ಹಿಡಿದು ಲೆಕ್ಕ ಹಾಕಬೇಡಿ. 2023ರ ಏಪ್ರಿಲ್‌ಗಿಂತ ಹಳೇ ಕಾರನ್ನು ಇಟ್ಟುಕೊಳ್ಳುವವರು ಸರ್ವಿಸ್‌ನಲ್ಲಿ ಫ್ಯೂಯಲ್ ಹೋಸು, ಓ-ರಿಂಗ್ ಗಟ್ಟಿಯಾಗಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡಿಸಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕ್ ಖಾಲಿ ಬಿಡಬೇಡಿ, ತುಂಬಿಸಿಡಿ.

ಉತ್ತರ (ಇವಿ ಸರ್ವಿಸ್ ತಂತ್ರಜ್ಞರು): 500 ಕಿ.ಮೀ. ವಿಷಯದಲ್ಲಿ ನನ್ನದೂ ಅದೇ ಮಾತು. ಸೇರಿಸುವುದಿಷ್ಟೆ: ಕೊಟೇಷನ್‌ನಲ್ಲಿ ರಸ್ತೆ ತೆರಿಗೆಯ ಸಾಲನ್ನು ಬೇರೆಯಾಗಿ ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ. 17, ಅದರ ಮೇಲೆ ಸೆಸ್. ಇವಿಯ ತೆರಿಗೆ ನಿಯಮ ಬದಲಾಗುತ್ತ ಬಂದಿದೆ, ಕೊಳ್ಳುವ ದಿನ ಏನಿದೆಯೋ ಅದೇ ಲೆಕ್ಕ. ಆದಾಯ ತೆರಿಗೆಯ ಸೆಕ್ಷನ್ 80ಇಇಬಿಯಲ್ಲಿ ಇವಿ ಸಾಲದ ಬಡ್ಡಿಗೆ ವಿನಾಯಿತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಸಬ್ಸಿಡಿ ಸ್ವಂತ ಕಾರಿಗೆ ಇಲ್ಲ.

ಪ್ರಶ್ನೆ (ಅದೇ ಸದಸ್ಯರು): ಥ್ಯಾಂಕ್ಸ್ ಸರ್. ಪುತ್ತೂರಿಗೆ ಒಂದೇ ಚಾರ್ಜಿನಲ್ಲಿ ಹೋಗಬಹುದಾ? ಘಾಟಿ ಇಳಿಯುವಾಗ ಬ್ಯಾಟರಿ ತುಂಬುತ್ತದಂತೆ, ಹೌದಾ?

ಉತ್ತರ (ಇವಿ ಸರ್ವಿಸ್ ತಂತ್ರಜ್ಞರು): ಒಂದೇ ಚಾರ್ಜಿನಲ್ಲಿ ಆಗುವುದಿಲ್ಲ. 45 ಯೂನಿಟ್ ಬ್ಯಾಟರಿಯನ್ನು ಶೇ. 100ರಿಂದ 15ಕ್ಕೆ ಇಳಿಸಿದರೆ ಸಿಗುವುದು 38 ಯೂನಿಟ್. ಎಸಿ ಹಾಕಿ 90ರ ವೇಗದಲ್ಲಿ ಕಿ.ಮೀ.ಗೆ 155 ವಾಟ್-ಅವರ್ ಖರ್ಚಾದರೆ 245 ಕಿ.ಮೀ. ಹಾಸನದಲ್ಲೋ ಸಕಲೇಶಪುರದಲ್ಲೋ ಒಂದು ನಿಲುಗಡೆ ಸಾಕು. 30 ಯೂನಿಟ್ ಬ್ಯಾಟರಿಯಾದರೆ 165 ಕಿ.ಮೀ. ಹಾಸನ ಮುಟ್ಟುವ ಮೊದಲೇ ಚನ್ನರಾಯಪಟ್ಟಣದ ಕಡೆ ಒಮ್ಮೆ, ಮುಂದೆ ಇನ್ನೊಮ್ಮೆ ನಿಲ್ಲಬೇಕು. ನಿಮಗೆ ದೊಡ್ಡ ಬ್ಯಾಟರಿಯೇ ಸರಿ. 110ರಲ್ಲಿ ಓಡಿಸಿದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಶೇ. 80ಕ್ಕೆ ಚಾರ್ಜರ್ ಬಿಚ್ಚಿ ಹೊರಡಿ. ಅಲ್ಲಿಂದಾಚೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಕರೆಂಟನ್ನು ಇಳಿಸುತ್ತದೆ, ಕೊನೆಯ ಇಪ್ಪತ್ತಕ್ಕೆ ಮೊದಲ ಅರವತ್ತರಷ್ಟೇ ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. 60 ಕಿಲೋವಾಟ್ ಅಂತ ಬೋರ್ಡ್ ಇದ್ದರೂ ಎರಡು ಗನ್ (ಕಾರಿಗೆ ಚುಚ್ಚುವ ಹಿಡಿಕೆ) ಇರುವ ಯಂತ್ರದಲ್ಲಿ ಪಕ್ಕದ ಗನ್ನಿಗೂ ಕಾರು ಚುಚ್ಚಿದ್ದರೆ ನಿಮಗೆ ಸಿಗುವುದು 30 ಇರಬಹುದು. ಮೊದಲೇ ಆ್ಯಪ್‌ನಲ್ಲಿ ನೋಡಿ, ಅದೇ ಊರಲ್ಲಿ ಇನ್ನೊಂದು ಚಾರ್ಜರಿನ ಗುರುತೂ ಇಟ್ಟುಕೊಂಡಿರಿ.

ಘಾಟಿಯಲ್ಲಿ ತುಂಬುವುದು ಹೌದು, ಜಾಸ್ತಿ ಅಲ್ಲ. ಸಕಲೇಶಪುರದಿಂದ ಗುಂಡ್ಯಕ್ಕೆ ಹೆಚ್ಚುಕಡಿಮೆ 800 ಮೀಟರ್ ಇಳಿತ. ಜನ, ಸಾಮಾನು ಸೇರಿ 1,700 ಕಿಲೋ ತೂಕಕ್ಕೆ ಆ ಇಳಿತದ ಶಕ್ತಿ ಪೂರ್ತಿ ಲೆಕ್ಕ ಹಾಕಿದರೂ 3.7 ಯೂನಿಟ್. ಟೈರಿನ ಉಜ್ಜಾಟ, ಮೋಟರಿನ ನಷ್ಟ ಕಳೆದು ಕೈಗೆ ಎರಡು ಯೂನಿಟ್ ಸಿಕ್ಕರೆ ಪುಣ್ಯ. ಅಂದರೆ ಹದಿನೈದು ಕಿ.ಮೀ. ದೂರದ್ದು. ವಾಪಸ್ ಹತ್ತುವಾಗ ನಾಲ್ಕು ಯೂನಿಟ್ ಹೆಚ್ಚುವರಿ ಬೇಕು, ಅದನ್ನು ಕೆಳಗೇ ತುಂಬಿಸಿಕೊಂಡು ಬನ್ನಿ. ಘಾಟಿಯ ನೆತ್ತಿಯಲ್ಲಿ 100ಕ್ಕೆ ಚಾರ್ಜ್ ಮಾಡಿ ಇಳಿಯಬೇಡಿ. ತುಂಬಿದ ಬ್ಯಾಟರಿ ರೀಜೆನ್ (ವೇಗ ತಗ್ಗಿಸುವಾಗ ಮೋಟರ್ ಹುಟ್ಟಿಸುವ ಕರೆಂಟ್) ತೆಗೆದುಕೊಳ್ಳುವುದಿಲ್ಲ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಪೆಟ್ರೋಲ್ ಕಾರಿನಲ್ಲಿ ಎರಡನೇ ಗೇರ್ ಹಾಕಿ ಎಂಜಿನ್ ಬ್ರೇಕಿಂಗ್‌ನಲ್ಲಿ ಇಳಿಯುವ ಹಾಗೆ ಇಲ್ಲಿ ರೀಜೆನ್ ಅನ್ನು ಗರಿಷ್ಠಕ್ಕಿಟ್ಟು ಇಳಿಯಬೇಕು.

ಪ್ರಶ್ನೆ (ಹುಬ್ಬಳ್ಳಿ): ಸರ್, ನಮ್ಮ ಮನಿ ಹಳೇದೈತ್ರಿ. ಅಂಗಳದಾಗ 15 ಆ್ಯಂಪ್ ಪ್ಲಗ್ ಐತಿ, ಮೊದಲ ನೀರಿನ ಮೋಟರಿಗೆ ಹಾಕಿದ್ದು. ಕಾರಿನ ಜೋಡಿ ಬಂದ ಚಾರ್ಜರ್ ಅದಕ್ಕ ಹಚ್ಚಿದ್ರ ನಡೀತೈತೇನ್ರಿ? ಸಂಜಿಕೆ ವೋಲ್ಟೇಜ್ ಭಾಳ ಕಡಿಮಿ ಇರ್ತೈತಿ.

ಉತ್ತರ (ವೈರಿಂಗ್ ಕಾಂಟ್ರ್ಯಾಕ್ಟರ್): ಹಚ್ಚಬ್ಯಾಡ್ರಿ. ಮೋಟರು ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಕಾರು 14-15 ಆ್ಯಂಪನ್ನು ಬಿಡದೆ ಒಂಬತ್ತು ತಾಸು ಎಳೆಯುತ್ತದೆ. ಹಳೇ ಪ್ಲಗ್ಗಿನ ಒಳಗಿನ ಹಿತ್ತಾಳೆ ಸಡಿಲಾಗಿದ್ದರೆ ಅಲ್ಲೇ ಬಿಸಿಯಾಗಿ, ಪ್ಲಾಸ್ಟಿಕ್ ಕರಗುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಟ್ರಿಪ್ ಆಗುವುದಿಲ್ಲ, ಯಾಕೆಂದರೆ ಕರೆಂಟ್ ಮಿತಿಯೊಳಗೇ ಇದೆ, ಬಿಸಿಯಾಗುತ್ತಿರುವುದು ಜೋಡಣೆ. ಮನೆ ಚಾರ್ಜಿಂಗ್ ಅವಘಡಗಳ ಬೇರು ಹೆಚ್ಚಾಗಿ ಇದೇ.

ಮೀಟರ್ ಬೋರ್ಡಿನಿಂದ ಹೊಸ ಲೈನ್ ಎಳೆಸಿ, ಅದಕ್ಕೆ ಬೇರೆ ಯಾವುದನ್ನೂ ಜೋಡಿಸಬೇಡಿ. 3.3 ಕಿಲೋವಾಟ್ ಚಾರ್ಜರಿಗೆ 4 ಚದರ ಮಿ.ಮೀ. ತಾಮ್ರದ ವೈರ್, 20 ಆ್ಯಂಪ್ ಸಿ-ಕರ್ವ್ ಡಬಲ್ ಪೋಲ್ ಎಂಸಿಬಿ, 30 ಮಿಲಿ ಆ್ಯಂಪ್ ಟೈಪ್ ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಗೀಸರಿನ ಆರ್‌ಸಿಸಿಬಿಗೇ ಸೇರಿಸಿದರೆ ಎರಡರ ಲೀಕೇಜ್ ಕೂಡಿ ಮಧ್ಯರಾತ್ರಿ ಟ್ರಿಪ್ ಆಗಿ, ಬೆಳಿಗ್ಗೆ ನೋಡಿದರೆ ಕಾರು ಖಾಲಿ. ಸಾಕೆಟ್ ಸಾಮಾನ್ಯದ್ದರ ಬದಲು ನೀಲಿ ಬಣ್ಣದ ಇಂಡಸ್ಟ್ರಿಯಲ್ ಹಾಕಿದರೆ ಒಳ್ಳೆಯದು, ಆದರೆ ಕಾರಿನ ಪ್ಲಗ್ ಹೊಂದುತ್ತದೆಯೇ ನೋಡಿಕೊಳ್ಳಿ. 7.2 ಕಿಲೋವಾಟ್ ವಾಲ್‌ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಆದರೆ 32 ಆ್ಯಂಪ್. ಅದಕ್ಕೆ 6 ಚದರ ಮಿ.ಮೀ. ವೈರ್, ಇಪ್ಪತ್ತು ಮೀಟರಿಗಿಂತ ದೂರವಿದ್ದರೆ 10, ಎಂಸಿಬಿ 40 ಆ್ಯಂಪ್.

ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಶುರುವೇ ಆಗುವುದಿಲ್ಲ, ಕೆಂಪು ದೀಪ ಹತ್ತುತ್ತದೆ. ಜನ ಕಾರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ ಮೂರು ಅಳತೆ ಮಾಡಿಸಿ. ಫೇಸ್–ನ್ಯೂಟ್ರಲ್ 230 ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ 3 ವೋಲ್ಟಿನೊಳಗೆ ಇರಬೇಕು. ಕೊನೆಯದು ಹತ್ತಿಪ್ಪತ್ತು ತೋರಿಸಿದರೆ ಹೊಸ ಅರ್ಥ್ ಪಿಟ್ ತೋಡಿಸಿ. ಬೇಸಿಗೆಯಲ್ಲಿ ಪಿಟ್ಟಿಗೆ ನೀರು ಬಿಡುವುದು ಮರೆಯಬೇಡಿ, ಒಣ ಮಣ್ಣಿನಲ್ಲಿ ರೋಧ ಏರುತ್ತದೆ.

ಕಡಿಮೆ ವೋಲ್ಟೇಜಿಗೆ ಸ್ಟೆಬಿಲೈಸರ್ ಬೇಕಿಲ್ಲ. 190 ವೋಲ್ಟಿನಲ್ಲಿ ಶಕ್ತಿ 2.8 ಕಿಲೋವಾಟಿಗೆ ಇಳಿದು ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೆ. ರಾತ್ರಿ ಹನ್ನೊಂದರ ಮೇಲೆ ಶುರುವಾಗುವಂತೆ ಟೈಮರ್ ಇಡಿ. ಮಂಜೂರಾದ ಲೋಡ್ 2 ಕಿಲೋವಾಟ್ ಇದ್ದರೆ ಹೆಸ್ಕಾಂನಲ್ಲಿ 5ಕ್ಕೆ ಏರಿಸಿಕೊಳ್ಳಿ. ಏರಿಸದಿದ್ದರೆ ಬಿಲ್ಲಿನಲ್ಲಿ ದಂಡ ಬರುತ್ತದೆ, ಏರಿಸಿದರೆ ತಿಂಗಳ ನಿಗದಿತ ಶುಲ್ಕ ಹೆಚ್ಚುತ್ತದೆ. ಇದನ್ನೂ ಇವಿಯ ಖರ್ಚಿಗೇ ಬರೆದುಕೊಳ್ಳಿ. ಮನೆಯ ಇನ್ವರ್ಟರ್ ಲೈನಿಗಂತೂ ಕಾರು ಹಚ್ಚಲೇಬೇಡಿ.

ಪ್ರಶ್ನೆ (ಮೈಸೂರು): ಇವಿಗೆ ಸರ್ವಿಸ್ಸೇ ಇಲ್ಲ ಅಂತಾರಲ್ಲ ಸರ್?

ಉತ್ತರ (ಇವಿ ಸರ್ವಿಸ್ ತಂತ್ರಜ್ಞರು): ಎಂಜಿನ್ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್ ಇಲ್ಲ ಮೇಡಂ, ಸರ್ವಿಸ್ ಇದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್, ಎಸಿ ಫಿಲ್ಟರ್, ಪುಸ್ತಕದಲ್ಲಿ ಹೇಳಿದ ಕಾಲಕ್ಕೆ ಬ್ಯಾಟರಿ ಕೂಲೆಂಟ್ ಮತ್ತು ಗೇರ್‌ಬಾಕ್ಸ್ ಆಯಿಲ್. ಕೂಲೆಂಟ್ ಕಡಿಮೆಯಾಯಿತು ಅಂತ ನಲ್ಲಿ ನೀರು ಸುರಿಯಬೇಡಿ. ಟೈರ್ ಬೇಗ ಸವೆಯುತ್ತವೆ, ತೂಕವೂ ಹೆಚ್ಚು, ಟಾರ್ಕ್ ಒಮ್ಮೆಲೇ ಬರುತ್ತದೆ. ಬ್ರೇಕ್ ಪ್ಯಾಡ್ ಬಹಳ ಬಾಳುತ್ತದೆ, ಆದರೆ ಬಳಕೆ ಕಮ್ಮಿಯಾಗಿ ಡಿಸ್ಕ್ ತುಕ್ಕು ಹಿಡಿಯುತ್ತದೆ. ಇವಿಯಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇದೆ. ಅದು ಸತ್ತರೆ ದೊಡ್ಡ ಬ್ಯಾಟರಿ ಶೇ. 90 ಇದ್ದರೂ ಕಾಂಟ್ಯಾಕ್ಟರ್ ಮುಚ್ಚದೆ ಕಾರು ಏಳುವುದಿಲ್ಲ. ನಿಂತುಹೋದ ಇವಿಯನ್ನು ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರದ ಜೊತೆ ಮೋಟರೂ ತಿರುಗಿ ವಿದ್ಯುತ್ ಹುಟ್ಟುತ್ತದೆ. ಕಾರನ್ನು ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಲಾರಿ ಬೇಕೇ ಬೇಕು.

ಪ್ರಶ್ನೆ (ಬೆಂಗಳೂರು, ಸರ್ಜಾಪುರ ರಸ್ತೆ): ಮಳೆಗೆ ಬೇಸ್‌ಮೆಂಟಿಗೆ ನೀರು ನುಗ್ಗುತ್ತೆ. ಯಾವುದು ವಾಸಿ?

ಉತ್ತರ (ಪೆಟ್ರೋಲ್ ಕಾರು ಮೆಕ್ಯಾನಿಕ್): ಮುಳುಗಿದರೆ ಎರಡೂ ವಾಸಿಯಲ್ಲ. ಪೆಟ್ರೋಲ್ ಕಾರಿನ ಏರ್ ಫಿಲ್ಟರ್ ತನಕ ನೀರು ಬಂದಿದ್ದರೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರು ಒತ್ತಲು ಬರುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಟಾರ್ಟ್ ಮಾಡಿ ಕೆಡಿಸಿದ್ದಕ್ಕೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇಲ್ಲದ ವಿಮೆ ದುಡ್ಡು ಕೊಡುವುದಿಲ್ಲ.

ಉತ್ತರ (ಇವಿ ಸರ್ವಿಸ್ ತಂತ್ರಜ್ಞರು): ಇವಿಯ ಪ್ಯಾಕ್ ಐಪಿ67 ಇರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ರಾತ್ರಿಯಿಡೀ ನಿಂತ ನೀರಿಗೆ ಆ ಪರೀಕ್ಷೆ ಅನ್ವಯಿಸುವುದಿಲ್ಲ. ನೀರು ಇಳಿದ ಮೇಲೆ ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ, ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಮುಟ್ಟಬೇಡಿ. ವರ್ಕ್‌ಶಾಪಿನಲ್ಲಿ ಕರೆಂಟ್ ಕಾರಿನ ಮೈಗೆ ಸೋರುತ್ತಿಲ್ಲವೇ ಅಂತ ಇನ್ಸುಲೇಷನ್ ರೆಸಿಸ್ಟನ್ಸ್ ಅಳೆದ ಮೇಲೆಯೇ ಜೀವ ಕೊಡಬೇಕು. ವಿಮೆಗೆ ಬ್ಯಾಟರಿ ಮತ್ತು ಚಾರ್ಜರ್ ಕವರ್ ಸೇರಿಸಿಕೊಳ್ಳಿ. ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಇವಿಗೆ ಶೇ. 15 ರಿಯಾಯಿತಿ ಇದೆ, ಈ ಕವರಿಗೆ ಅದು ಖರ್ಚಾದರೂ ಚಿಂತೆಯಿಲ್ಲ.

ಪ್ರಶ್ನೆ (ತುಮಕೂರು): ಸೆಕೆಂಡ್‌ಹ್ಯಾಂಡ್ ಇವಿ ಅರ್ಧ ಬೆಲೆಗೆ ಸಿಗ್ತಿದೆ ಅಣ್ಣ. ಓಡೋಮೀಟರ್ ನೋಡಿದರೆ ಸಾಕಾ?

ಉತ್ತರ (ಇವಿ ಸರ್ವಿಸ್ ತಂತ್ರಜ್ಞರು): ಸಾಲದು. ಕಂಪನಿ ವರ್ಕ್‌ಶಾಪಿಗೆ ಒಯ್ದು ಬ್ಯಾಟರಿ ಆರೋಗ್ಯದ ವರದಿ ತೆಗೆಸಿ. ಅದರಲ್ಲಿ ಶೇಕಡಾವಾರು ಮಾತ್ರ ನೋಡಬೇಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ ವೋಲ್ಟೇಜಿನ ಅಂತರ ಕೇಳಿ. ಶೇ. 50 ಚಾರ್ಜಿನಲ್ಲಿ ಹತ್ತಿಪ್ಪತ್ತು ಮಿಲಿವೋಲ್ಟ್ ಇದ್ದರೆ ಸರಿ, ನೂರು ದಾಟಿದ್ದರೆ ಬಿಟ್ಟುಬಿಡಿ. ಟ್ಯಾಕ್ಸಿಯಾಗಿ ಓಡಿ ದಿನಾ ಫಾಸ್ಟ್ ಚಾರ್ಜಿನಲ್ಲೇ ಬೆಳೆದ ಕಾರಾ ಅನ್ನುವುದನ್ನು ಚಾರ್ಜಿಂಗ್ ದಾಖಲೆಯಲ್ಲಿ ನೋಡಿ. ವಾರಂಟಿ ಎರಡನೇ ಮಾಲೀಕರಿಗೆ ಪೂರ್ತಿ ವರ್ಗವಾಗುತ್ತದೆಯೇ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ, ಕೆಲವು ಕಂಪನಿಗಳ ದೀರ್ಘ ವಾರಂಟಿ ಮೊದಲ ಮಾಲೀಕರಿಗಷ್ಟೇ. ಕೊನೆಗೆ ಕಾರನ್ನು ಎತ್ತಿಸಿ ಪ್ಯಾಕಿನ ತಳ ನೋಡಿ. ರಸ್ತೆಯ ಉಬ್ಬಿಗೆ ಬಡಿದು ತಗ್ಗು ಬಿದ್ದಿದ್ದರೆ ವಾರಂಟಿ ಕ್ಲೇಮ್ ಅಲ್ಲೇ ತಿರಸ್ಕಾರವಾಗಬಹುದು.