ಉಕ್ಕಿನ ತೊಲೆಗೆ ಹೊಡೆಯುವ ‘ಫೈರ್ ಪೇಂಟ್’: ಕನ್ನಡದಲ್ಲಿ ಏನೆನ್ನಬೇಕು?

ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ಏಳುತ್ತಿರುವ ವಾಣಿಜ್ಯ ಕಟ್ಟಡವೊಂದರ ಬಣ್ಣಗಾರರಿಗಾಗಿ ಕನ್ನಡದಲ್ಲಿ ಸೂಚನಾಪತ್ರ ಬರೆಯುತ್ತಿದ್ದೇನೆ. ಉಕ್ಕಿನ ಕಂಬ, ತೊಲೆಗಳನ್ನು ಬೆಂಕಿಯ ಕಾವಿನಿಂದ ಕಾಯುವ ಬಣ್ಣದ ಕೆಲಸ ಅದು. ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕು.

ಮೊದಲನೆಯದು ಬಣ್ಣದ ಹೆಸರು. ಇಂಗ್ಲಿಷಿನಲ್ಲಿ ಇನ್‌ಟ್ಯುಮೆಸೆಂಟ್, ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ‘ಫೈರ್ ಪೇಂಟ್’, ಕಾಗದಕ್ಕೆ ಇಳಿಸುವಾಗ ‘ಅಗ್ನಿನಿರೋಧಕ ಬಣ್ಣ’. ಈ ಕೊನೆಯದಕ್ಕೆ ನನ್ನ ತಕರಾರಿದೆ. ಕಟ್ಟಡದ ಉಕ್ಕು ಹೇಗೂ ಹೊತ್ತಿ ಉರಿಯುವುದಿಲ್ಲ, ಅದನ್ನು ಕೆಡಿಸುವುದು ಕಾವು. ಸುಮಾರು 550 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ, ಹೊರೆ ಹೊತ್ತ ತೊಲೆ ಬಾಗತೊಡಗುತ್ತದೆ. ಆ ಕಾವು ಉಕ್ಕಿಗೆ ತಲುಪುವುದನ್ನು ಒಂದೋ ಎರಡೋ ಗಂಟೆ ತಡಮಾಡಿ, ಒಳಗಿದ್ದವರು ಹೊರಬರಲು ಸಮಯ ಕೊಡುವುದಷ್ಟೇ ಬಣ್ಣದ ಕೆಲಸ. 200 ಡಿಗ್ರಿ ದಾಟಿದ ಮೇಲೆ ಅದರೊಳಗಿನ ಅಮೋನಿಯಂ ಪಾಲಿಫಾಸ್ಫೇಟ್ ಒಡೆದು ಆಮ್ಲವಾಗುತ್ತದೆ, ಮೆಲಮೈನ್ ಅನಿಲ ಬಿಡುತ್ತದೆ, ತೆಳು ಪದರ ಹತ್ತಾರು ಪಟ್ಟು ಉಬ್ಬಿ ಇದ್ದಿಲಿನ ನೊರೆಯಾಗಿ ಉಕ್ಕನ್ನು ಮುಚ್ಚುತ್ತದೆ. ‘ಅಗ್ನಿನಿರೋಧಕ’ ಎಂದು ಓದಿದ ಅಂಗಡಿ ಮಾಲೀಕರು ತಮ್ಮ ಕಟ್ಟಡಕ್ಕೆ ಬೆಂಕಿಯೇ ತಗಲದು ಎಂದುಕೊಂಡರೆ ಅವರನ್ನು ದೂರುವಂತಿಲ್ಲ.

‘ಉಬ್ಬುಬಣ್ಣ’ ಎನ್ನೋಣವೆಂದರೆ, ಬಣ್ಣಗಾರರಲ್ಲಿ ‘ಬಣ್ಣ ಉಬ್ಬಿದೆ’ ಎಂಬುದು ದೂರಿನ ಮಾತು: ಒಳಗೆ ತೇವ ಸೇರಿ ಎದ್ದುಬಂದಿದೆ, ಕೆರೆದು ಮತ್ತೆ ಹೊಡೆಯಬೇಕು ಎಂದರ್ಥ. ನನಗೆ ಹಿಡಿಸಿರುವುದು ‘ಅರಳುಬಣ್ಣ’. ಕಾದ ಬಾಣಲೆಯಲ್ಲಿ ಭತ್ತ ಅರಳಾಗುವುದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಉಕ್ಕನ್ನು ಕಾಯುವ ಇನ್ನೊಂದು ಲೇಪವಾದ, ವರ್ಮಿಕ್ಯುಲೈಟ್ ಎಂಬ ಹಗುರ ಖನಿಜ ಬೆರೆಸಿ ಸಿಂಪಡಿಸುವ ಗಾರೆ ಹೀಗೆ ಅರಳುವುದಿಲ್ಲ, ಮೊದಲೇ ದಪ್ಪವಾಗಿರುತ್ತದೆ. ಎರಡಕ್ಕೂ ಸಲ್ಲುವ ಹೆಸರಾಗಿ ‘ಬೆಂಕಿಕಾಪು ಲೇಪ’ ಎಂದು ಬರೆದುಕೊಂಡಿದ್ದೇನೆ.

ಎರಡನೆಯದು ‘ಕೈ’. ‘ಎರಡು ಕೈ ಹೊಡೆದಿದ್ದೇವೆ’ ಎನ್ನುವಾಗಿನ ಕೈ. ಸೊಗಸಾದ ಪದ, ಬಿಡಲು ಮನಸ್ಸಿಲ್ಲ. ಆದರೆ ಇಲ್ಲಿ ಎಷ್ಟು ಕೈ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಒಣಗಿದ ಮೇಲೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ನಿಂತಿದೆ ಎಂಬುದೇ ಮುಖ್ಯ. ತೆಳುವಾದ ಉಕ್ಕು ಬೇಗ ಕಾಯುವುದರಿಂದ ಅದಕ್ಕೆ ಬಣ್ಣ ಹೆಚ್ಚು ದಪ್ಪ ಬೇಕು. ಪಕ್ಕದ ಭಾರಿ ಕಂಬಕ್ಕೆ ಕಡಿಮೆ ಸಾಕು. ಹಸಿಯಿರುವಾಗ ಹಲ್ಲುಹಲ್ಲಿನ ಪಟ್ಟಿಯೊತ್ತಿ, ಯಾವ ಹಲ್ಲಿನವರೆಗೆ ಬಣ್ಣ ಹತ್ತಿತು ಎಂದು ನೋಡುತ್ತಾರೆ. ಒಣಗಿದಾಗ ದಪ್ಪ ಇಳಿಯುತ್ತದೆ, ಆಗ ಬೇರೆ ಮಾಪಕ. ಈ ಎರಡು ಅಳತೆಗಳಿಗೆ ‘ಹಸಿ ದಪ್ಪ’, ‘ಒಣ ದಪ್ಪ’ ಎಂದಿಟ್ಟಿದ್ದೇನೆ. ಕೂಡಿಸಿ ‘ಹಸಿದಪ್ಪ’ ಎಂದರೆ ಹಸಿದ ಅಪ್ಪನೂ ಆಗಿಬಿಡುವುದರಿಂದ ಬಿಡಿಸಿಯೇ ಬರೆಯಬೇಕು.

ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಬಣ್ಣಗಾರರು, ಗಾರೆಯವರು ದಪ್ಪವನ್ನು ಹೇಳಲು ‘ಕೈ’ ಅಲ್ಲದೆ ಬೇರೆ ಯಾವ ಪದ ಬಳಸುತ್ತಾರೆ? ಕೇಳಿಬಲ್ಲವರು ದಯವಿಟ್ಟು ತಿಳಿಸಿ.